ಒಲೆ ಪಕ್ಕದ ಬಟ್ಟಲು

ಇಪ್ಪತ್ತೆರಡು ವರ್ಷದ ಹಿಂದೆ ಈ ಊರಿನ ಆಸ್ಪತ್ರೆಗೆ ಇ.ಸಿ.ಜಿ. ತೆಗೆಯುವವನಾಗಿ ಬಂದೆನಲ್ಲ, ಆಗ ನನಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಇಲ್ಲಿ ಪ್ರತಿ ಮನೆಯ ಅಡುಗೆಮನೆಯಲ್ಲೂ ಒಂದು ಹಲಗೆ, ಹಲಗೆಯ ಮೇಲೆ ತಲೆಗೊಂದರಂತೆ ಕಂಚಿನ ಬಟ್ಟಲು, ಬಟ್ಟಲಲ್ಲಿ ನೀರು. ಯಾರ ಬಟ್ಟಲೋ ಅವರ ಎದೆ ಬಡಿದಂತೆಲ್ಲ ಆ ನೀರು ಅಲುಗುತ್ತದೆ. ಅವರು ಪಕ್ಕದ ಕೋಣೆಯಲ್ಲಿರಲಿ, ಬಸ್ಸಿನಲ್ಲಿರಲಿ, ದುಬೈನಲ್ಲಿರಲಿ, ಅಲುಗುತ್ತದೆ. ಇಂಥ ಊರಿಗೆ ಇ.ಸಿ.ಜಿ. ಮಿಷನ್ನು ಹೊತ್ತು ತಂದವನು ಮೀನಿಗೆ ಈಜು ಕಲಿಸಲು ಬಂದವನೇ ಸರಿ. ಇನ್ಶೂರೆನ್ಸಿಗೆ, ಪೊಲೀಸ್ ಭರ್ತಿಗೆ ಕಾಗದ ಬೇಕಾದವರು ಮಾತ್ರ ನನ್ನ ಬಾಗಿಲಿಗೆ ಬರುತ್ತಿದ್ದರು. ಅವರೂ ಅಂಗಿ ಬಿಚ್ಚಿ ಮಲಗಿ, "ಬೇಗ ಮುಗ್ಸಣ್ಣ, ನಮ್ಮವ್ವ ಬಟ್ಲು ನೋಡೇ ಕಳ್ಸ್ಯಾಳೆ" ಎಂದು ನನಗೇ ಅವಸರ ಮಾಡುತ್ತಿದ್ದರು.

ನಾನು ಇಲ್ಲಿಯವಳನ್ನೇ ಮದುವೆಯಾಗಿ ಅತ್ತೆಯ ಮನೆಯಲ್ಲೇ ಉಳಿದುಬಿಟ್ಟೆ. ಮನೆ ಅಳಿಯನಾಗಿದ್ದು ಒಂದು ಅವಮಾನ, ಬಟ್ಟಲಿಲ್ಲದವನಾಗಿದ್ದು ಇನ್ನೊಂದು. ಹುಟ್ಟಿದ ಹನ್ನೊಂದನೇ ದಿನಕ್ಕೆ ಬಟ್ಟಲಿಡದಿದ್ದರೆ ಆಮೇಲೆ ಕೊಡ ನೀರು ತುಂಬಿಟ್ಟರೂ ಅಲುಗುವುದಿಲ್ಲವಂತೆ. ನಾನು ಸಂತೆಯಿಂದ ಬರುವುದು ಸ್ವಲ್ಪ ತಡವಾದರೆ ನೆರೆಮನೆಯ ಹೆಂಗಸರು ನನ್ನ ಹೆಂಡತಿಯ ಮುಖ ನೋಡಿ, "ಪಾಪ, ನಿನ್ನ ಗಂಡ ಇದ್ದಾನೋ ಇಲ್ವೋ ಅಂತ ನಿಂಗೆ ಹೆಂಗೆ ತಿಳೀಬೇಕು" ಎನ್ನುತ್ತಿದ್ದರು. ನಾನು ಎದುರಿಗೆ ಬಂದು ನಿಂತ ಮೇಲೂ ಅವರ ಅನುಮಾನ ಪೂರ್ತಿ ಹೋಗುತ್ತಿರಲಿಲ್ಲ.

ಬಟ್ಟಲುಗಳೆಲ್ಲ ಒಂದೇ ಅಚ್ಚಿನವು. ಹೆಸರು ಕೆತ್ತಿಸುವಂತಿಲ್ಲ, ಗುರುತು ಮಾಡುವಂತಿಲ್ಲ, ಆಯಸ್ಸಿಗೆ ಗೀಟು ಎಳೆದ ಹಾಗಾಗುತ್ತದೆ ಎನ್ನುತ್ತಾರೆ. ಯಾರದು ಯಾವುದು ಎಂದು ಹೇಳುವುದು ಜಾಗ ಮಾತ್ರ. ಒಲೆ ಪಕ್ಕದ್ದು ಮನೆಯ ಹಿರಿಯರದು, ಅಲ್ಲಿಂದ ಕಿಟಕಿಯ ಕಡೆಗೆ ವಯಸ್ಸಿನ ಪ್ರಕಾರ. ಶುಕ್ರವಾರ ಬೆಳಿಗ್ಗೆ ಹುಣಸೆಹಣ್ಣು ಹಾಕಿ ಉಜ್ಜಿ ನೀರು ಬದಲಿಸುತ್ತಾರೆ, ಒಂದನ್ನು ತುಂಬಿ ಅದರ ಜಾಗದಲ್ಲಿಟ್ಟ ಮೇಲೇ ಇನ್ನೊಂದನ್ನು ಮುಟ್ಟಬೇಕು. ಅಷ್ಟು ಹೊತ್ತು ಊರಿನವರೆಲ್ಲ ಇದ್ದಲ್ಲೇ ಕೂರುತ್ತಾರೆ, ಬಸ್ ಕಂಡಕ್ಟರ್ ಕೂಡ ಸೀಟು ಹುಡುಕಿಕೊಂಡು ಕೂರುತ್ತಾನೆ. ಹೊಸದಾಗಿ ಮದುವೆಯಾದವರ ಬಟ್ಟಲಿಗೆ ರಾತ್ರಿ ಅತ್ತೆಯೇ ಬಟ್ಟೆ ಮುಚ್ಚುತ್ತಾಳೆ. ಮುಚ್ಚದಿದ್ದರೆ ಬೆಳಿಗ್ಗೆ ನಾದಿನಿಯರು ಬಾಯಿ ಮುಚ್ಚುವುದಿಲ್ಲ.

ನಮ್ಮ ಮನೆಯ ಹಲಗೆಯ ಮೇಲೆ ಮೂರು ಬಟ್ಟಲು. ಒಲೆ ಪಕ್ಕ ಅತ್ತೆ ಗುರುಸಿದ್ದಮ್ಮನದು, ನಡುವೆ ನನ್ನ ಹೆಂಡತಿ ಸರ್ವಮಂಗಳಳದು, ಕಿಟಕಿಯ ಕಡೆ ಅವಳ ತಮ್ಮ ತಿಪ್ಪೇಶನದು. ತಿಪ್ಪೇಶನ ಹೆಂಡತಿ ಚೊಚ್ಚಲ ಹೆರಿಗೆಗೆ ತೌರಿಗೆ ಹೋಗಿದ್ದಳು, ತನ್ನ ಬಟ್ಟಲನ್ನೂ ಜೊತೆಗೇ ಒಯ್ದಿದ್ದಳು.

ಯುಗಾದಿ ಕಳೆದ ಎರಡನೇ ದಿನ ನಗರದ ಒಂದು ಕಂಪನಿಯವರು ಬಂದು ಮನೆಮನೆಯ ಹಲಗೆಯ ಮೇಲೂ ಒಂದು ಪುಟ್ಟ ಕ್ಯಾಮೆರಾ ಕೂರಿಸಿದರು. ಅದು ಹಗಲಿರುಳೂ ನೀರನ್ನೇ ನೋಡುತ್ತದೆ, ಲೆಕ್ಕ ಹಾಕುತ್ತದೆ, ಬೆಳಿಗ್ಗೆ ಫೋನಿಗೆ ವರದಿ ಕಳಿಸುತ್ತದೆ. ಎಲ್ಲ ಸರಿ ಇದ್ದರೆ ಹೆಸರಿನ ಮುಂದೆ ಹಸಿರು ಎಲೆ, ಇಲ್ಲದಿದ್ದರೆ ಕೆಂಪು. ಒಂದೇ ವಾರಕ್ಕೆ ಊರಿನವರು "ಊಟ ಆಯ್ತಾ" ಎಂದು ಕೇಳುವುದು ಬಿಟ್ಟು "ಎಲೆ ಏನೈತೆ" ಎಂದು ಕೇಳತೊಡಗಿದರು. ನನಗಂತೂ ಮೈಯೆಲ್ಲ ಉರಿದುಹೋಯಿತು. ಮೊದಲು ಬಟ್ಟಲೊಂದೇ ನನ್ನ ಮಿಷನ್ನನ್ನು ಆಡಿಕೊಳ್ಳುತ್ತಿತ್ತು, ಈಗ ಅದಕ್ಕೊಬ್ಬ ಜೊತೆಗಾರ ಸಿಕ್ಕಿದ್ದ.

ಮೊದಲ ವರದಿಯಲ್ಲೇ ಅತ್ತೆಗೆ ಕೆಂಪು ಎಲೆ ಬಂತು. ಅದಕ್ಕೂ ಮುಂಚೆ ಬೆಳಿಗ್ಗೆ ಕಾಫಿಗೆ ಹಾಲಿಡಲು ಹೋದ ಮಂಗಳ ನನ್ನನ್ನು ಕೂಗಿದ್ದಳು. ಹೋಗಿ ನೋಡಿದರೆ ಒಲೆ ಪಕ್ಕದ ಬಟ್ಟಲಿನ ನೀರು ಕುದಿಯುವಂತೆ ಅಲುಗುತ್ತಿತ್ತು. ನಡುನಡುವೆ ಗಕ್ಕನೆ ನಿಂತು, ಒಂದೆರಡು ಎಣಿಸುವಷ್ಟು ಹೊತ್ತು ಬಿಟ್ಟು ಮತ್ತೆ ಹೊರಡುತ್ತಿತ್ತು. ಅತ್ತೆಯೋ ದೇವರ ಮುಂದೆ ಕೂತು ಆರಾಮವಾಗಿ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಅವತ್ತೇ ಅವರನ್ನು ಆಸ್ಪತ್ರೆಗೆ ಕರೆದೊಯ್ದು ಇ.ಸಿ.ಜಿ. ತೆಗೆದೆ. ಗಡಿಯಾರದಂತೆ ಸರಿಯಾಗಿತ್ತು. ಎರಡು ಸಲ, ಮೂರು ಸಲ ತೆಗೆದೆ, ಮತ್ತೂ ಸರಿಯಾಗಿಯೇ ಬಂತು.

ನಗರದ ಡಾಕ್ಟರು ಫೋನಿನ ಪರದೆಯಲ್ಲಿ ಕಾಣಿಸಿಕೊಂಡು ನಕ್ಕರು. "ಹಾಲಪ್ಪನವರೇ, ಈ ಥರದ ಬಡಿತ ಬಂದು ಹೋಗುತ್ತಿರುತ್ತದೆ. ನಿಮ್ಮದು ಹತ್ತು ಸೆಕೆಂಡಿನ ಫೋಟೋ. ಕ್ಯಾಮೆರಾದ್ದು ಇಪ್ಪತ್ತನಾಲ್ಕು ಗಂಟೆಯ ಸಿನಿಮಾ. ಯಾವುದನ್ನು ನಂಬೋಣ ಹೇಳಿ?" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ನನ್ನ ಸಂಕಟ. ಎದೆಯೊಳಗೆ ಒಂದು ಸಣ್ಣ ಯಂತ್ರ ಕೂರಿಸಬೇಕು, ಇಲ್ಲದಿದ್ದರೆ ಯಾವ ಗಳಿಗೆಯಲ್ಲಾದರೂ ಎದೆ ನಿಂತುಹೋಗಬಹುದು ಎಂದರು. ಎರಡು ವಾರ ಬಿಟ್ಟು ಬರುವ ಸೋಮವಾರಕ್ಕೆ ದಿನ ಗೊತ್ತಾಯಿತು. ಅಲ್ಲಿಯವರೆಗೆ ಅತ್ತೆ ಹಾಸಿಗೆ ಬಿಟ್ಟು ಏಳಕೂಡದು. ಎರಡು ವಾರ ಅವರು ಮಲಗಿಯೇ ಇದ್ದರು. ಆಶ್ಚರ್ಯವೆಂದರೆ ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. ಪಲ್ಯಕ್ಕೆ ಒಂದು ಕಲ್ಲು ಉಪ್ಪು ಹೆಚ್ಚಾದರೆ ಬೀದಿಗೆಲ್ಲ ಕೇಳುವಂತೆ ಜಗಳವಾಡುವ ಹೆಂಗಸು ಇಷ್ಟು ಸುಮ್ಮನಿರುವುದು ಕಂಡು ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ತಿಪ್ಪೇಶನಿಗೆ ಮಾತ್ರ ದಿನವೂ ಹಸಿರು ಎಲೆ. ಮೂವತ್ತೆಂಟು ವರ್ಷದ ಅವನು ಗಡಿಯಾರದ ಕಂಬದ ಹತ್ತಿರ ಜಿಮ್ ನಡೆಸುತ್ತಿದ್ದ. ನವಣೆ ಗಂಜಿ, ಸೋರೆಕಾಯಿ ರಸ, ಅಶ್ವಗಂಧದ ಪುಡಿ, ತಣ್ಣೀರು ಸ್ನಾನ, ಊರಿನ ಅರ್ಧ ಜನಕ್ಕೆ ಇವನೇ ಗುರು. ಕಿಟಕಿಯ ಕಡೆಯ ಬಟ್ಟಲಿನ ನೀರು ಅವನು ಓಡುವಾಗಲೂ ಹೆಚ್ಚುಕಮ್ಮಿಯಾಗದೆ ತಣ್ಣಗೆ ಅಲುಗುತ್ತದೆ ಎಂದು ಕ್ಯಾಮೆರಾ ತೋರಿಸಿದಾಗ ಕಂಪನಿಯವರೇ ದಂಗಾದರು. "ಓಡಿದರೂ ದಣಿಯದ ಹೃದಯ" ಎಂದು ಅವನ ಚಿತ್ರ ಹಾಕಿ ಬೋರ್ಡು ನಿಲ್ಲಿಸಿದರು, ಭಾನುವಾರದ ಹತ್ತು ಕಿಲೋಮೀಟರ್ ಆರೋಗ್ಯ ಓಟಕ್ಕೆ ಅವನನ್ನೇ ಮುಂದಾಳು ಮಾಡಿದರು. ಮೊದಲು ನಾಲ್ಕು ಕಿಲೋಮೀಟರಿಗೆ ನಿಲ್ಲಿಸುತ್ತಿದ್ದವನು ಎಂಟು, ಒಂಬತ್ತು ಓಡತೊಡಗಿದ. ಮೆಟ್ಟಿಲು ಹತ್ತುವಾಗ ಕಟಾಂಜನ ಹಿಡಿದು ನಿಲ್ಲುವುದನ್ನು ಎರಡು ಸಲ ನೋಡಿದೆ. ಕೇಳಿದರೆ, "ಇದು ಒಳ್ಳೇ ಸುಸ್ತು ಭಾವ, ಮೈ ಬೆಳೆಯೋ ಸುಸ್ತು. ನಿಮಗೆ ತಿಳಿಯಲ್ಲ ಬಿಡಿ, ಬಟ್ಲೇ ಇಲ್ಲ" ಎಂದ. ನಾನು ಮತ್ತೆ ಕೇಳಲಿಲ್ಲ. ಅವನನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ, ಅದನ್ನು ಮುಚ್ಚಿಟ್ಟು ಏನಾಗಬೇಕು.

ಭಾನುವಾರ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಮರುದಿನದ ಪ್ರಯಾಣಕ್ಕೆಂದು ಅತ್ತೆಯ ವರದಿಗಳನ್ನು ಫೈಲಿಗೆ ಜೋಡಿಸುತ್ತ ಕೂತಿದ್ದೆ. ಹಾಳೆ ತಿರುವುತ್ತ ಹೋದಂತೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ದಿನವೂ ಬೆಳಿಗ್ಗೆ ಐದೂವರೆಗೆ ಬಡಿತ ಏರುತ್ತದೆ, ನೂರೈವತ್ತು ದಾಟುತ್ತದೆ, ಆರೂಕಾಲಿಗೆ ಇಳಿಯುತ್ತದೆ. ಬಡಿತ ತಪ್ಪುವುದೆಲ್ಲ ಆಗಲೇ. ಎರಡು ವಾರದಲ್ಲಿ ಎರಡೇ ದಿನ ಹಾಗಾಗಿರಲಿಲ್ಲ, ಎರಡೂ ಮಂಗಳವಾರ. ಮಲಗಿದ್ದ ಮುದುಕಿಯ ಎದೆಗೆ ಮಂಗಳವಾರ ಎಂದು ಹೇಗೆ ಗೊತ್ತಾಗಬೇಕು? ಮಂಗಳವಾರ ತಿಪ್ಪೇಶನ ಜಿಮ್ಮಿಗೆ ರಜೆ.

ಅಡುಗೆಮನೆಗೆ ಹೋದೆ. ಒಲೆ ಪಕ್ಕದ ಬಟ್ಟಲಿನ ನೀರಿನ ಬಡಿತ ಆಗಲೇ ಏರತೊಡಗಿತ್ತು. ಮಂಗಳ ಅದನ್ನೇ ನೋಡುತ್ತ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಹಿಂದುಮುಂದು ನೋಡದೆ ಹರಿಹಾಯ್ದೆ.

"ಕ್ಯಾಮೆರಾ ಕೂರಿಸೋ ದಿನ ಬಟ್ಟಲು ಇಳಿಸಿದ್ದು ನೀನು ತಾನೇ? ಅದಲು ಬದಲು ಮಾಡಿಟ್ಟಿದೀಯ ಮಂಗಳಾ! ಇದು ಅತ್ತೆಯದಲ್ಲ, ತಿಪ್ಪೇಶಂದು!"

ಅವಳ ಮುಖ ಬಿಳಿಚಿಕೊಂಡಿತು. ಈ ಊರಿನಲ್ಲಿ ಒಬ್ಬ ಹೆಂಗಸಿಗೆ ಹೊರಿಸಬಹುದಾದ ಅಪವಾದಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. "ಇಲ್ಲ ಕಣ್ರೀ, ದೇವರಾಣೆ. ಒಂದಿಟ್ಟ ಮೇಲೇ ಇನ್ನೊಂದು ಮುಟ್ಟಿದೀನಿ. ಹೆಂಗೈತೋ ಹಂಗೇ ಇಟ್ಟಿದೀನಿ" ಎಂದು ಅಳತೊಡಗಿದಳು.

"ಅವಳನ್ನ ಬೈಬೇಡ್ರಿ ಅಳಿಯಂದ್ರೆ." ಬಾಗಿಲ ಹತ್ತಿರ ಅತ್ತೆ ನಿಂತಿದ್ದರು. "ನಾನೇ ಇಟ್ಟಿದ್ದು."

ಅವರು ಹೇಳಿದ್ದು ಇಷ್ಟು. ಯುಗಾದಿಯ ಮಾರನೇ ದಿನ, ಕ್ಯಾಮೆರಾ ಬರುವ ಹಿಂದಿನ ದಿನ, ಅಡುಗೆಮನೆಯಲ್ಲಿ ಒಬ್ಬರೇ ಇದ್ದಾಗ ಮಗನ ಬಟ್ಟಲಿನ ನೀರು ನಿಂತು ನಿಂತು ಅಲುಗುವುದನ್ನು ನೋಡಿದರು. "ಅವನ ಹೆಂಡ್ತಿ ತುಂಬಿದ ಬಸುರಿ. ಅರವತ್ತೆಂಟು ಆತು ನಂಗೆ, ನಾನಿದ್ದು ಇನ್ನೇನು ಮಾಡೋದೈತೆ? ಬಟ್ಲಿನ ಜಾಗ ಬದಲಾದ್ರೆ ಕಾಯಿಲೆನೂ ಬದಲಾಗ್ತೈತೆ ಅಂತ ನಮ್ಮತ್ತೆ ಹೇಳ್ತಿದ್ರು. ಅವಂದು ನನ್ನ ಜಾಗಕ್ಕಿಟ್ಟೆ, ನಂದು ಅವನ ಜಾಗಕ್ಕಿಟ್ಟೆ. ಬಂದೈತೆ ಅಳಿಯಂದ್ರೆ, ನಂಗೆ ಬಂದೈತೆ. ಎದ್ದು ನಿಂತ್ರೆ ಕಾಲು ನಡುಗ್ತಾವೆ. ಅವನು ನೋಡ್ರಿ, ಎಷ್ಟು ಗಟ್ಟಿಯಾಗ್ಯಾನೆ."

"ಎರಡು ವಾರ ಮಲಗಿದ್ರೆ ಯಾರ ಕಾಲಾದ್ರೂ ನಡುಗ್ತವೆ!" ಎಂದು ಕಿರುಚಿದೆ. ಅವರ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು. "ಅವನು ಗಟ್ಟಿಯಾಗಿಲ್ಲ ಅತ್ತೆ. ನಿಮ್ಮ ಬಟ್ಟಲು ನೋಡಿ ತಾನು ಗಟ್ಟಿ ಅಂದ್ಕೊಂಡಿದಾನೆ. ಅದಕ್ಕೇ ಇವತ್ತು ಹತ್ತು ಕಿಲೋಮೀಟರ್ ಓಡ್ತಾ ಇದಾನೆ."

ಮಂಗಳಳ ಕೈ ತಾನಾಗಿಯೇ ಒಲೆ ಪಕ್ಕದ ಬಟ್ಟಲಿನ ಕಡೆ ಹೋಯಿತು. ಅತ್ತೆ ಧಾವಿಸಿ ಅವಳ ಮುಂಗೈ ಹಿಡಿದರು. "ಮುಟ್ಬೇಡ! ಅಲ್ಲಿಟ್ರೆ ಅವನಿಗೇ ಹೋಗ್ತೈತೆ." ಆ ಹಿಡಿತದ ಗುರುತು ಮಂಗಳಳ ಕೈಯಲ್ಲಿ ಆಮೇಲೆ ನಾಲ್ಕು ದಿನ ಇತ್ತು.

ತಿಪ್ಪೇಶನ ಫೋನಿಗೆ ಮಾಡಿದೆ. ಅದು ಅವನ ಕೋಣೆಯಲ್ಲೇ ಬಡಿದುಕೊಂಡಿತು. ಓಟದ ವ್ಯವಸ್ಥಾಪಕರಿಗೆ ಮಾಡಿದೆ. ಧ್ವನಿವರ್ಧಕದ ಅಬ್ಬರದ ನಡುವೆ ಒಬ್ಬ, "ಯಾರು, ಇಸಿಜಿ ಹಾಲಪ್ಪಾರಾ? ಅವರ ಎಲೆ ಹಸಿರೈತೆ ಸಾರ್, ಈಗ ತಾನೇ ನೋಡಿದ್ವಿ" ಎಂದು ನಕ್ಕು ಇಟ್ಟ. ಆಸ್ಪತ್ರೆಗೆ ಮಾಡಿ ಆಂಬುಲೆನ್ಸನ್ನು ಓಟದ ದಾರಿಯಾದ ಹತ್ತಿ ಮಿಲ್ಲಿನ ರಸ್ತೆಗೆ ಕಳಿಸಿ ಎಂದೆ, ನಿಂತ ಎದೆಗೆ ಕರೆಂಟು ಕೊಡುವ ಶಾಕ್ ಪೆಟ್ಟಿಗೆ ಇರಲಿ ಎಂದು ಎರಡೆರಡು ಸಲ ಹೇಳಿದೆ. ಮಂಗಳಳ ಫೋನಿಗೆ ಕರೆ ಮಾಡಿ, "ಇದನ್ನ ಕಡಿಯಬೇಡ. ನೀರು ನೋಡ್ತಾ ಇರು, ನೋಡಿದ್ದನ್ನೆಲ್ಲ ಹೇಳ್ತಾ ಇರು" ಎಂದು ನನ್ನ ಫೋನನ್ನು ಸ್ಪೀಕರಿಗೆ ಹಾಕಿ ಜೇಬಿಗಿಳಿಸಿದೆ. ಸ್ಕೂಟರ್ ಹೊರಗೆ ತರುವಷ್ಟರಲ್ಲಿ ಅತ್ತೆ ಹಿಂದಿನ ಸೀಟು ಹಿಡಿದು ನಿಂತಿದ್ದರು. "ನಿಮ್ಮ ಮಾತು ಅವನು ಕೇಳಲ್ಲ" ಎಂದರು. ಅದು ನಿಜವಾದ್ದರಿಂದ ನಾನು ವಾದ ಮಾಡಲಿಲ್ಲ.

ಹತ್ತಿ ಮಿಲ್ಲಿನ ತಿರುವಿನಲ್ಲಿ ಹಗ್ಗ ಕಟ್ಟಿ ರಸ್ತೆ ಬಂದ್ ಮಾಡಿದ್ದರು. ಹಸಿರು ಬನಿಯನ್ ತೊಟ್ಟ ಹುಡುಗಿಯೊಬ್ಬಳು ಕೈ ಅಡ್ಡ ಹಿಡಿದು, "ಎದೆ ಮೇಲೆ ನಂಬರ್ ಇರೋರಿಗೆ ಮಾತ್ರ ಅಂಕಲ್" ಎಂದಳು. ನಾನು ಅವಳ ಜೊತೆ ಕೂಗಾಡುತ್ತಿದ್ದೆ. ಜೇಬಿನೊಳಗಿಂದ ಮಂಗಳ, "ಮತ್ತೆ ನಿಂತ್ಕಂತು ಕಣ್ರೀ... ಹೊರಡ್ತು... ನಿಂತ್ಕಂತು..." ಎನ್ನುತ್ತಿದ್ದಳು. ಹಿಂತಿರುಗಿ ನೋಡಿದರೆ ಸೀಟು ಖಾಲಿ. ಅತ್ತೆ ಸೀರೆ ಎತ್ತಿ ಕಟ್ಟಿ, ಹಗ್ಗದಡಿ ನುಗ್ಗಿ, ಬರಿಗಾಲಲ್ಲಿ ಓಡುತ್ತಿದ್ದರು. ರಸ್ತೆಯ ಎರಡೂ ಬದಿಯ ಜನ ಅವರೂ ಓಟಕ್ಕೆ ಸೇರಿದವರೆಂದುಕೊಂಡು ಚಪ್ಪಾಳೆ ತಟ್ಟಿದರು. ಯಾರೋ ಒಬ್ಬ ನೀರಿನ ಬಾಟಲಿ ಕೊಡಲು ಹೋದ. "ಗುರುಸಿದ್ದಮ್ಮಾರು ನೋಡ್ರೋ, ನಾಳೆ ಆಪರೇಷನ್ ಅಂದಿದ್ರು!" ಎಂದು ಇನ್ನೊಬ್ಬ ಕೇಕೆ ಹಾಕಿದ. ನಾನು ಸ್ಕೂಟರನ್ನು ಅಲ್ಲೇ ಬೀಳಿಸಿ ಹಿಂದೆ ಓಡಿದೆ.

ಎದುರಿನಿಂದ ತಿಪ್ಪೇಶ ಬರುತ್ತಿದ್ದ, ಎಲ್ಲರಿಗಿಂತ ಮುಂದೆ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಆದರೂ ಜನರ ಕಡೆ ಕೈ ಬೀಸುತ್ತಿದ್ದ. "ತಿಪ್ಪಾ, ನಿಲ್ಲೋ! ನಿಲ್ಲೋ ನನ್ನಪ್ಪ!" ಎಂದು ಅತ್ತೆ ಕೂಗಿದರು. ಅವನು ತಾಯಿಯನ್ನು ನೋಡಿದ. ಹಾಸಿಗೆ ಬಿಟ್ಟು ಏಳಬಾರದವಳು, ಯಾವ ಗಳಿಗೆಯಲ್ಲಾದರೂ ಎದೆ ನಿಲ್ಲಬಹುದಾದವಳು ರಸ್ತೆಯಲ್ಲಿ ಓಡಿ ಬರುತ್ತಿದ್ದಾಳೆ. "ಅವ್ವಾ! ಯಾಕೆ ಎದ್ದು ಬಂದೆ? ನಿಂತ್ಕೊ, ಓಡ್ಬೇಡ!" ಎಂದು ಅರಚುತ್ತ, ಅವಳನ್ನು ಹಿಡಿಯಲು ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕಾಲಿಗೆ ತಂದು ಓಡಿದ. ಇನ್ನು ಹತ್ತು ಹೆಜ್ಜೆ ಇರುವಾಗ ಮೊಣಕಾಲು ಮಡಿಚಿ ಮುಖ ಕೆಳಗಾಗಿ ಬಿದ್ದ.

"ರೀ," ಎಂದಳು ಮಂಗಳ ಜೇಬಿನೊಳಗಿಂದ. "ನೀರು ನಿಂತೋಯ್ತು."

ನಾನು ಅವನನ್ನು ಅಂಗಾತ ಹೊರಳಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ರಬ್ಬರ್ ಗೊಂಬೆಯ ಮೇಲೆ ಮಾತ್ರ ಮಾಡಿದ್ದ ಕೆಲಸ ಅದು. ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು ಒತ್ತತೊಡಗಿದೆ. ಫೋನು ಜಾರಿ ರಸ್ತೆಗೆ ಬಿತ್ತು, ಆದರೂ ಅವಳ ದನಿ ಬರುತ್ತಿತ್ತು. "ಅಲುಗ್ತು... ಅಲುಗ್ತು... ಸಣ್ಣದಾಗೈತೆ ಕಣ್ರೀ, ಅಂಚಿಗೆ ಬರ್ತಿಲ್ಲ. ಇನ್ನೂ ಗಟ್ಟಿಯಾಗಿ ಒತ್ರಿ!" ಗಟ್ಟಿಯಾಗಿ ಒತ್ತಿದೆ. ಅವನ ಪಕ್ಕೆಲುಬಿನಲ್ಲಿ ಏನೋ ಲಟಕ್ಕೆಂದಿತು. "ಈಗ ಬಂತು, ಅಂಚಿಗೆ ಬಂತು. ಹಿಂಗೇ ಒತ್ರಿ. ನಿಲ್ಲಿಸ್ಬ್ಯಾಡ್ರಿ." ತಮ್ಮನ ಎದೆ ನಿಂತಿದೆ, ಅಕ್ಕ ಅಡುಗೆಮನೆಯಲ್ಲಿ ನಿಂತು ಅಷ್ಟು ಸ್ಪಷ್ಟವಾಗಿ ಹೇಳುತ್ತಿದ್ದಾಳೆ. ಅರ್ಧ ಗಂಟೆಯ ಹಿಂದೆ ನಾನು ಅವಳಿಗೆ ಆಡಿದ ಮಾತು ನೆನಪಾಗಿ ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಎಷ್ಟು ಹೊತ್ತು ಒತ್ತಿದೆನೋ ತಿಳಿಯದು. ಆಂಬುಲೆನ್ಸು ಬಂತು. ಶಾಕ್ ಪೆಟ್ಟಿಗೆಯ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ, ಡ್ರೈವರ್ ಹಲ್ಲಿನಿಂದ ಕಚ್ಚಿ ಹರಿದ. ಬನಿಯನ್ ಕತ್ತರಿಸಿ ಎರಡು ಪಟ್ಟಿ ಅಂಟಿಸಿದೆವು. ಪೆಟ್ಟಿಗೆ ಇಂಗ್ಲಿಷಿನಲ್ಲಿ ಎಲ್ಲರಿಗೂ ದೂರ ಸರಿಯಲು ಹೇಳಿತು. ಅತ್ತೆ ಸರಿಯಲಿಲ್ಲ, ಹಸಿರು ಬನಿಯನ್ನಿನ ಹುಡುಗಿ ಅವರನ್ನು ತಬ್ಬಿ ಹಿಂದಕ್ಕೆಳೆದಳು. ತಿಪ್ಪೇಶನ ಮೈ ಒಮ್ಮೆ ಎಗರಿ ಬಿತ್ತು. ನಾನು ಮತ್ತೆ ಒತ್ತಲು ಶುರು ಮಾಡಿದೆ.

ಫೋನಿನಲ್ಲಿ ಸದ್ದೇ ಇರಲಿಲ್ಲ. "ಮಂಗಳಾ, ಹೇಳು! ಏನಾಯ್ತು?" ಎಂದು ಕೂಗಿದೆ.

"ತಡೀರಿ," ಎಂದಳು. ಅವಳ ಉಸಿರು ಕೇಳುತ್ತಿತ್ತು. "ನೀವು ಒತ್ತಿದಾಗ ಒಂದು ಅಲುಗ್ತೈತೆ. ನಡುವೆ ಇನ್ನೊಂದು ಬರ್ತೈತೆ. ನಿಮ್ಮದಲ್ಲ ಅದು. ಕೈ ತೆಗೀರಿ."

ನನಗೆ ಕೈ ತೆಗೆಯಲಾಗಲಿಲ್ಲ. ತೆಗೆದರೆ ನೀರು ನಿಲ್ಲುತ್ತದೆ, ನಾನೇ ನಿಲ್ಲಿಸಿದಂತಾಗುತ್ತದೆ ಎನಿಸಿತು. ಒತ್ತುತ್ತಲೇ ಇದ್ದೆ. "ತೆಗೀರಿ ಅಂದ್ನಲ್ರೀ!" ಎಂದು ಅವಳು ಗದರಿದಳು. ಆಗ ಅತ್ತೆ ಪಕ್ಕದಲ್ಲಿ ಕುಳಿತು ನನ್ನ ಎರಡೂ ಮುಂಗೈ ಹಿಡಿದು, "ಸಾಕು ಹಾಲಪ್ಪ" ಎಂದು ಮೇಲಕ್ಕೆತ್ತಿದರು.

"ಅಲುಗ್ತು," ಎಂದಳು ಮಂಗಳ. "ಮತ್ತೆ ಅಲುಗ್ತು. ತಾನೇ ಅಲುಗ್ತೈತೆ." ತಿಪ್ಪೇಶನ ಗಂಟಲಿನಿಂದ ಒಂದು ಗೊರಕೆಯಂಥ ಸದ್ದು ಬಂತು, ಎದೆ ಏರಿ ಇಳಿಯಿತು.

ಅವನನ್ನು ಆಂಬುಲೆನ್ಸಿಗೆ ಏರಿಸಿದರು. ನಗರಕ್ಕೆ ಎರಡು ಗಂಟೆಯ ದಾರಿ, ಅತ್ತೆಗೆಂದು ಗೊತ್ತಾಗಿದ್ದ ಹಾಸಿಗೆ ಅಲ್ಲಿ ಖಾಲಿ ಇತ್ತು. ನಾನು ಡಾಕ್ಟರಿಗೆ ಫೋನು ಮಾಡಲು ಕೈ ಚಾಚಿದಾಗ ಅತ್ತೆ ಅದನ್ನು ರಸ್ತೆಯಿಂದ ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮಗನ ಕಾಯಿಲೆಯನ್ನು ಮಗನಿಗೇ ವಾಪಸ್ ಕೊಡುವ ಮಾತನ್ನು ಯಾವ ತಾಯಿಗೆ ತಾನೇ ಸುಲಭವಾಗಿ ಆಡಲಾಗುತ್ತದೆ.

"ಮಂಗಳಾ," ಎಂದರು ಕೊನೆಗೆ. "ಅವನ ಬಟ್ಲು ಅವನ ಜಾಗಕ್ಕೆ ಇಡವ್ವ. ಮೆಲ್ಲಗೆ ಎತ್ತು. ನೀರು ತುಳುಕಿಸ್ಬ್ಯಾಡ."